ಸಗಣಿ ತೊಳೆದು ನೋಡಿದ ಮೇಲೆ ಗೊತ್ತಾದ ಹುಲ್ಲಿನ ವಿಷಯ

ನಮ್ಮದು ಆಲೂರು ತಾಲ್ಲೂಕು. ಮೇಲಿನ ಗದ್ದೆಗೆ ಐಆರ್ 64 ಅನ್ನೋ ಗಿಡ್ಡ ತಳಿ ಭತ್ತ, ಕೆಳಗಿನದಕ್ಕೆ ರಾಜಮುಡಿ ಅನ್ನೋ ನಾಟಿ ಭತ್ತ. ಹುಲ್ಲು ಅಂದ್ರೆ ಹುಲ್ಲು ಅಂತ ಎರಡನ್ನೂ ಒಂದೇ ಮೆದೆಗೆ ಒಟ್ಟುತ್ತಿದ್ದೆವು. ಹೋದ ವರ್ಷ ಅವ್ವ, "ಐಆರ್ ಹುಲ್ಲು ಹಾಕಿದ್ರೆ ಸಗಣೀಲಿ ಹುಲ್ಲು ಹಂಗಂಗೇ ಬರ್ತದೆ ಕಣೋ" ಅಂದಳು. ನಾನು ನಂಬಲಿಲ್ಲ. ಐಆರ್ ಹುಲ್ಲು ಗಿಡ್ಡ, ಗರಿ ಜಾಸ್ತಿ. ರಾಜಮುಡಿ ಎತ್ತರ ಬೆಳೆದು ಬರೀ ದಂಟು. ಗರಿ ಇರೋ ಹುಲ್ಲೇ ಒಳ್ಳೇದು ಅಲ್ವಾ?

ಸರಿ, ನೋಡೇಬಿಡೋಣ ಅಂತ ಮೆದೆ ಬೇರೆ ಬೇರೆ ಮಾಡಿದೆ. ಒಂದೇ ಹಸು, ಅದೇ ಹಿಂಡಿ, ದಿನಕ್ಕೆ ತೂಕ ಮಾಡಿ ಆರು ಕೆಜಿ ಹುಲ್ಲು, ಮಾರನೇ ದಿನ ಉಳಿದದ್ದರ ತೂಕ. ಒಂದೊಂದು ಹುಲ್ಲು ಎರಡೆರಡು ವಾರ. ಹೊಟ್ಟೆ ಹೊಸ ಮೇವಿಗೆ ಒಗ್ಗಬೇಕಲ್ಲ, ಅದಕ್ಕೆ ಮೊದಲ ವಾರದ್ದು ಲೆಕ್ಕಕ್ಕಿಲ್ಲ. ಬೆಳಗ್ಗೆ ಒಂದು ಬೊಗಸೆ ಸಗಣಿ ಜರಡಿಗೆ ಹಾಕಿ ನಲ್ಲಿ ಕೆಳಗೆ ತೊಳೆಯೋದು. ಬೀದಿಯಲ್ಲಿ ಹೋಗೋರೆಲ್ಲ ನಿಂತು ನೋಡಿ ನಕ್ಕರು.

ತಿನ್ನೋದರಲ್ಲಿ ಅಂಥ ವ್ಯತ್ಯಾಸ ಇಲ್ಲ. ಹಾಲಿನಲ್ಲೂ ಇಲ್ಲ, ಹಿಂಡಿ ಎಲ್ಲಾನೂ ಮುಚ್ಚಿಹಾಕಿಬಿಡುತ್ತದೆ. ಆದರೆ ಜರಡಿಯಲ್ಲಿ ಕಂಡಿತು. ಐಆರ್ ವಾರದಲ್ಲಿ ಉದ್ದುದ್ದ ಎಳೆ, ಅದೂ ಹೆಚ್ಚಾಗಿ ಗರಿಯದ್ದೇ. ರಾಜಮುಡಿಗೆ ಎಳೆ ಸಣ್ಣದು, ಕಡಿಮೆ.

ನಮ್ಮ ಪಶುವೈದ್ಯರನ್ನು ಕೇಳಿದೆ. ಭತ್ತದ ಕತೆ ಉಳಿದ ಹುಲ್ಲಿಗೆ ಉಲ್ಟಾ, ಗರಿಗಿಂತ ದಂಟೇ ಚೆನ್ನಾಗಿ ಜೀರ್ಣ ಆಗುತ್ತದೆ ಅಂದರು. ಭತ್ತದ ಗರಿ ಸವರಿದರೆ ಕೈ ಕುಯ್ಯುತ್ತದಲ್ಲ, ಅದಕ್ಕೆ ಕಾರಣ ಸಿಲಿಕಾ, ಮರಳಿನಲ್ಲಿರೋ ಗಟ್ಟಿ ವಸ್ತು; ಅದು ಗರಿಯಲ್ಲೇ ಜಾಸ್ತಿ, ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಅದು ಅಡ್ಡ. ಪ್ರಯೋಗಾಲಯದವರು ಹುಲ್ಲನ್ನು ನೈಲಾನ್ ಚೀಲಕ್ಕೆ ತುಂಬಿ ಹಸುವಿನ ಹೊಟ್ಟೆಯೊಳಗೇ ಇಟ್ಟು, 48 ಗಂಟೆ ಆದಮೇಲೆ ತೆಗೆದು ಎಷ್ಟು ಕರಗಿದೆ ಅಂತ ತೂಗುತ್ತಾರಂತೆ. ನನ್ನ ಜರಡಿ ಅದರ ಬಡ ತಮ್ಮ!

ಇಷ್ಟಕ್ಕೆ ರಾಜಮುಡಿ ಗೆದ್ದಿತು ಅಂತ ಕುಣಿದೆ. ಆಮೇಲೆ ಮೆದೆಯ ಇನ್ನೊಂದು ಬದಿಯ ರಾಜಮುಡಿ ಹಾಕಿದೆ ನೋಡಿ, ಅದು ಮಳೆಗೆ ಒರಗಿ, ಕೆಸರು ಹತ್ತಿ, ಹಣ್ಣಾದ ಮೇಲೂ ಹದಿನೈದು ದಿನ ಕೊಯ್ಯದೆ ನಿಂತಿದ್ದ ಹುಲ್ಲು. ಹಸು ಅರ್ಧಕ್ಕರ್ಧ ಬಿಟ್ಟಿತು, ಜರಡಿ ತುಂಬಾ ಎಳೆ, ಐಆರ್‌ಗಿಂತ ಕಡೆ. ಅಂದರೆ ತಳಿ ಹೆಸರು ಕೇಳಿ ಹುಲ್ಲು ಕೊಂಡರೆ ಸಾಲದು, ಯಾವಾಗ ಕೊಯ್ದದ್ದು, ಮಳೆಗೆ ಸಿಕ್ಕಿತ್ತಾ, ಇದೂ ಕೇಳಬೇಕು. ಬೂಷ್ಟು ಬಂದದ್ದಂತೂ ಯಾವ ತಳಿಯದ್ದೇ ಆಗಲಿ ಹಸುಗೆ ಬೇಡ, ಅದು ಗೊಬ್ಬರದ ಗುಂಡಿಗೆ.

ಐಆರ್ ಹುಲ್ಲನ್ನು ಎಸೆಯೋಕಾಗುತ್ತಾ? ಮೆತ್ತಗಾಗಿ ಚೆನ್ನಾಗಿ ಜೀರ್ಣ ಆಗಲಿ ಅಂತ ಯೂರಿಯಾ ಉಪಚಾರ ಮಾಡಿದೆ. ನೂರು ಕೆಜಿ ಹುಲ್ಲಿಗೆ ನಾಲ್ಕು ಕೆಜಿ ಯೂರಿಯಾ, ಐವತ್ತು ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದ ಹಾಗೆ ಟಾರ್ಪಾಲು ಮುಚ್ಚಿ 21 ದಿನ. ಆ ನೀರಿನ ಬಕೆಟ್ ಹಸು ಬಾಯಿಗೆ ಸಿಗಬಾರದು, ಕುಡಿದರೆ ಸಾಯುತ್ತದೆ. ಬಿಚ್ಚಿದಾಗ ಕಣ್ಣು ಉರಿಯುವಷ್ಟು ಅಮೋನಿಯಾ ಘಾಟು, ಒಂದೆರಡು ಗಂಟೆ ಆರಲು ಬಿಟ್ಟು, ಮೊದಲು ಬೇರೆ ಹುಲ್ಲಿಗೆ ಸ್ವಲ್ಪ ಸ್ವಲ್ಪ ಬೆರೆಸಿ ಕೊಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಹಳದಿ ಹುಲ್ಲು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಒಳ್ಳೇ ರಾಜಮುಡಿ ಹುಲ್ಲಿಗೆ ಸುಮ್ನೆ ಯಾಕೆ ಖರ್ಚು ಅಂತ ಅದಕ್ಕೆ ಮಾಡಲಿಲ್ಲ.

ಈ ಸಲ ಮೆದೆ ಮೂರು ಹಾಕಿದ್ದೇವೆ. ಜರಡಿ ಮಾತ್ರ ಅವ್ವ ಅಡುಗೆಮನೆಗೆ ವಾಪಸ್ ಸೇರಿಸಿಲ್ಲ.