ಗಸಗಸೆಯಷ್ಟು ಚಿನ್ನ ಕಲಿಸಿದ ಪಾಠ

ಡ್ರಿಲ್ಲಿಂಗ್ ಮಷಿನ್ ನೆಲದಾಳದಿಂದ ಉದ್ದನೆಯ ಕಲ್ಲಿನ ಕೋಲುಗಳನ್ನು ತೆಗೆಯುತ್ತದೆ. ನಾವು ಅದಕ್ಕೆ ಕೋರ್ ಎನ್ನುತ್ತೇವೆ. ಅದರ ಮುಂದೆ ಬಗ್ಗಿ ನಿಲ್ಲುವುದೇ ನನ್ನ ಕೆಲಸ. ನೀರು ಚಿಮುಕಿಸುವುದು, ಲೆನ್ಸ್ ಹಿಡಿದು ನೋಡುವುದು, ಬರೆದುಕೊಳ್ಳುವುದು. ಮೊದಲ ವಾರದಲ್ಲೇ ಸೊಂಟ ಹಿಡಿದುಕೊಂಡಿತ್ತು!

ಆಗ ಹುಡುಕುತ್ತಿದ್ದದ್ದು ಚಿನ್ನ. ಬೆಣಚುಕಲ್ಲಿನ ಎಳೆ ಇದ್ದಲ್ಲೆಲ್ಲ ಹಳದಿ ಮಿಂಚು ಕಂಡು ಎದೆ ಡವಡವ. ಸೂಜಿಯಿಂದ ಒತ್ತಿದೆ. ಚಿನ್ನವಾಗಿದ್ದರೆ ಮೆತ್ತಗೆ ಗುಳಿ ಬೀಳಬೇಕಿತ್ತು. ಇದು ಸೂಜಿಗೆ ಜಗ್ಗಲಿಲ್ಲ. ಸುತ್ತಿಗೆಯಲ್ಲಿ ತಟ್ಟಿದರೆ ಕಪ್ಪು ಪುಡಿ. ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ್ದು. ಹಾಗಂತ ಸುಮ್ನೆ ಎಸೆಯುವಂತೆಯೂ ಇಲ್ಲ. ಎಷ್ಟೋ ಸಲ ಕಣ್ಣಿಗೆ ಕಾಣದ ಚಿನ್ನ ಅದರೊಳಗೇ ಇರುತ್ತದೆ.

ನಾನು ದೊಡ್ಡದಾಗಿ ಎಡವಿದ್ದು ಬೇರೆ ಕಡೆ. ಕೋರನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ ಅರ್ಧ ಲ್ಯಾಬ್‌ಗೆ ಕಳಿಸುತ್ತೇವೆ, ಅರ್ಧ ಉಳಿಸಿಕೊಳ್ಳುತ್ತೇವೆ. ಒಂದು ತುಂಡಿನಲ್ಲಿ ಕೊನೆಗೂ ನಿಜವಾದ ಚಿನ್ನ ಕಂಡಿತು, ಗಸಗಸೆ ಕಾಳಿನಷ್ಟು. ನಾನು ಯಾವ ಅರ್ಧ ಕಳಿಸಿದೆ ಹೇಳಿ? ಕಾಳು ಇದ್ದ ಅರ್ಧವನ್ನೇ. ರಿಪೋರ್ಟ್ ಭರ್ಜರಿಯಾಗಿ ಬಂತು. ನಮ್ಮ ಹಿರಿಯರು ಟ್ರೇ ನೋಡಿ, "ಇನ್ನರ್ಧವನ್ನೂ ಕಳಿಸು" ಎಂದರು. ಅದರಲ್ಲಿದ್ದ ಚಿನ್ನ ಹೆಸರಿಗಷ್ಟೇ.

ಆಮೇಲೆ ಕೂತು ಲೆಕ್ಕ ಹಾಕಿದೆ. ಉದ್ದ, ಅಗಲ, ಎತ್ತರ ಎಲ್ಲ 1 ಮಿಲಿಮೀಟರ್ ಇರುವ ಚಿನ್ನದ ಚೂರು 19 ಮಿಲಿಗ್ರಾಂ ತೂಗುತ್ತದೆ. 2 ಕಿಲೋ ಸ್ಯಾಂಪಲ್‌ನಲ್ಲಿ ಅದೊಂದೇ ಇದ್ದರೂ ಟನ್ನಿಗೆ ಹತ್ತಿರ ಹತ್ತಿರ 10 ಗ್ರಾಂ ಎಂದಾಯಿತು! ಟನ್ನಿಗೆ 1 ಗ್ರಾಂ ಆಸುಪಾಸಿನ ಅದಿರಿನಲ್ಲೇ ನಡೆಯುವ ದೊಡ್ಡ ತೆರೆದ ಗಣಿಗಳಿವೆ. ಒಂದು ಕಾಳು ನಂಬಿ ಇಡೀ ಬೆಟ್ಟಕ್ಕೆ ಬೆಲೆ ಕಟ್ಟಿದಂತಾಗಿತ್ತು, ಅಲ್ವಾ?

ಈಗ ಸೀಳುವ ಮೊದಲೇ ಎಳೆ ಎರಡೂ ಕಡೆ ಸಮನಾಗಿ ಬರುವಂತೆ ಗೆರೆ ಹಾಕುತ್ತೇನೆ. ಗೆರೆಯ ಬಲಗಡೆಯ ಅರ್ಧ ಮಾತ್ರ ಲ್ಯಾಬ್‌ಗೆ. ಏನೇ ಹೊಳೆಯಲಿ, ಅದು ಬದಲಾಗುವುದಿಲ್ಲ. ನಡುನಡುವೆ ಚಿನ್ನವೇ ಇಲ್ಲದ ಕಲ್ಲನ್ನೂ ನಂಬರ್ ಹಾಕಿ ಸೇರಿಸುತ್ತೇನೆ. ಒಮ್ಮೆ ಆ ಬರಿಗಲ್ಲಿನಲ್ಲೂ ಚಿನ್ನ ಇದೆ ಎಂದು ರಿಪೋರ್ಟ್ ಬಂತು. ವಿಚಾರಿಸಿದರೆ, ಹಿಂದಿನ ಸ್ಯಾಂಪಲ್ ಪುಡಿ ಮಾಡಿದ ಮಷಿನ್ನನ್ನು ಸರಿಯಾಗಿ ಕ್ಲೀನ್ ಮಾಡಿರಲಿಲ್ಲ. ಅಂದಿನಿಂದ ಜಾಸ್ತಿ ಹೊಳೆಯುವ ತುಂಡಿನ ಹಿಂದೆಯೇ ಒಂದು ಬರಿಗಲ್ಲು ಇಡುತ್ತೇನೆ.