ಬಿಲ್ ಹೊಡೆದರೆ 48 ಇದ್ದ ಬ್ಯಾಟರಿ 22ಕ್ಕೆ ಇಳಿಯುತ್ತಿತ್ತು

ಬೆಂಗಳೂರಿನಲ್ಲಿ ಎಂಬೆಡೆಡ್ ಲಿನಕ್ಸ್, ಅಂದರೆ ಚಿಕ್ಕ ಮೆಷೀನ್‌ಗಳ ಒಳಗೆ ಓಡುವ ಲಿನಕ್ಸ್‌ನ ಕೆಲಸ ಮಾಡಿಕೊಂಡಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಬಿಲ್ಲಿಂಗ್ ಮೆಷೀನ್‌ಗೆ ಡ್ರೈವರ್, ಅಂದರೆ ಹಾರ್ಡ್‌ವೇರ್ ಜೊತೆ ಮಾತಾಡುವ ಕೋಡ್, ಬರೆಯುವ ಕೆಲಸ ಬಂತು. ಕೈಯಲ್ಲಿ ಹಿಡಿದು ಬಿಲ್ ಹರಿದು ಕೊಡುತ್ತಾರಲ್ಲ, ಅಂಥದ್ದು. ಒಳಗೆ 32 ಬಿಟ್ ಆರ್ಮ್ ಪ್ರೊಸೆಸರ್, 2600 ಮಿಲಿಆಂಪ್ ಅವರ್‌ನ ಒಂದೇ ಒಂದು 18650 ಲಿಥಿಯಂ ಸೆಲ್, ಚಿಕ್ಕ ಥರ್ಮಲ್ ಪ್ರಿಂಟರ್. ಬ್ಯಾಟರಿಯ ಲೆಕ್ಕ ಇಡುವ ಗೇಜ್ ಚಿಪ್ ಇರಲಿಲ್ಲ. ದುಡ್ಡು ಉಳಿಸಲು ತೆಗೆದಿದ್ದರು. ಇದ್ದದ್ದು ಐಎನ್‌ಎ219 ಅನ್ನುವ ಅಳತೆಯ ಚಿಪ್ ಒಂದೇ. ಅದು ವೋಲ್ಟೇಜ್ ಹೇಳುತ್ತದೆ, ಕರೆಂಟ್ ಹೇಳುತ್ತದೆ. ಎಷ್ಟು ಪರ್ಸೆಂಟ್ ಉಳಿದಿದೆ ಅನ್ನುವುದನ್ನು ನಾವೇ ಊಹಿಸಬೇಕು.

ಊಹೆಯನ್ನು ಎಲ್ಲಿ ಮಾಡುವುದು? ಲಿನಕ್ಸ್‌ನ ತಿರುಳಾದ ಕೆರ್ನಲ್ ಒಳಗಿನ ಡ್ರೈವರ್‌ನಲ್ಲೇ ಮಾಡೋಣ ಅಂದುಕೊಂಡೆ. ಬ್ಯಾಟರಿ ವಿವರ ಹೊರಗೆ ತೋರಿಸಲು ಕೆರ್ನಲ್‌ನಲ್ಲಿರುವ ಪವರ್ ಸಪ್ಲೈ ಕ್ಲಾಸ್‌ನಲ್ಲಿ ಕೆಪಾಸಿಟಿ ಅಂತ ಒಂದು ಜಾಗ ಇದ್ದೇ ಇದೆ. ಅದರಲ್ಲಿ ಸಂಖ್ಯೆ ಇಟ್ಟರೆ ಬ್ಯಾಟರಿ ಮಟ್ಟ ನೋಡಿಕೊಳ್ಳುವ ಯುಪವರ್‌ನಂಥ ಪ್ರೋಗ್ರಾಂಗಳು ತಾವೇ ಓದಿಕೊಳ್ಳುತ್ತವೆ. ವೋಲ್ಟೇಜ್‌ನಿಂದ ಪರ್ಸೆಂಟ್‌ಗೆ 12 ಸಾಲಿನ ಟೇಬಲ್ ಬರೆದೆ. 4.2 ವೋಲ್ಟ್ ಅಂದರೆ 100. ನಡುವಿನದಕ್ಕೆ ನೇರ ಗೆರೆ ಎಳೆದು ಲೆಕ್ಕ. ಅರ್ಧ ದಿನದಲ್ಲಿ ಮುಗಿಯಿತು. ಖುಷಿಯಾಯಿತು.

ಮೊದಲ ಬಿಲ್ ಹೊಡೆದಾಗ ಖುಷಿ ಹೋಯಿತು. 48 ಇದ್ದದ್ದು ಸರ್ರನೆ 22ಕ್ಕೆ ಇಳಿಯಿತು. ಪೇಪರ್ ಹೊರಗೆ ಬಂದು ನಿಂತ ಮೇಲೆ ಮೆಲ್ಲಗೆ 46ಕ್ಕೆ ಹತ್ತಿತು. ಪ್ರಿಂಟರ್ ಓಡುವಾಗ 900 ಮಿಲಿಆಂಪ್ ಎಳೆಯುತ್ತಿತ್ತು. ಸೆಲ್, ಪ್ರೊಟೆಕ್ಷನ್ ಸರ್ಕ್ಯೂಟ್, ವೈರ್ ಎಲ್ಲ ಸೇರಿ ಒಳಗಿನ ರೆಸಿಸ್ಟೆನ್ಸ್ 120 ಮಿಲಿಓಮ್. ಗುಣಿಸಿದರೆ 108 ಮಿಲಿವೋಲ್ಟ್, ವೋಲ್ಟೇಜ್ ಅಷ್ಟು ಕೆಳಗೆ ಕಾಣುತ್ತದೆ. ಲಿಥಿಯಂ ಸೆಲ್ ಖಾಲಿಯಾಗುತ್ತಾ ವೋಲ್ಟೇಜ್ ಇಳಿಯುವ ಗೆರೆ ನಡುವಿನಲ್ಲಿ ಚಪ್ಪಟೆ. ಅಲ್ಲಿ 100 ಮಿಲಿವೋಲ್ಟ್ ಆಚೀಚೆ ಆದರೆ ಇಪ್ಪತ್ತು ಮೂವತ್ತು ಪರ್ಸೆಂಟ್ ಹೋಗಿಬಿಡುತ್ತದೆ.

ಸರಿ, ಆ 108ನ್ನು ವಾಪಸ್ ಕೂಡಿಸೋಣ ಅಂತ ಡ್ರೈವರ್‌ಗೆ ಒಂದು ಸಾಲು ಸೇರಿಸಿದೆ. ಕರೆಂಟ್ ಗುಣಿಸು ರೆಸಿಸ್ಟೆನ್ಸ್, ಭಾಗಿಸು ಹತ್ತು ಲಕ್ಷ. ಸುಮ್ನೆ 10 ಮಿಲಿಆಂಪ್ ಕೊಟ್ಟು ನೋಡಿದೆ, 1.2 ಮಿಲಿವೋಲ್ಟ್ ಬಂತು. ಸರಿಯಾಗಿದೆ ಅಲ್ವಾ? ಆದರೆ ಬಿಲ್ ಹೊಡೆದರೆ ಹಳೇ ಕಥೆಯೇ, ಮತ್ತೆ 22.

ಎರಡು ದಿನ ತಲೆ ಕೆಡಿಸಿಕೊಂಡೆ. ಕೆರ್ನಲ್‌ನಲ್ಲಿ ದಶಮಾಂಶದ ಲೆಕ್ಕ ಮಾಡುವ ಹಾಗಿಲ್ಲ, ಎಲ್ಲ ಪೂರ್ಣಾಂಕ. ಅದಕ್ಕೇ ಅಳತೆಗಳೆಲ್ಲ ಮೈಕ್ರೋದಲ್ಲಿ ಇರುತ್ತವೆ. 9 ಲಕ್ಷ ಮೈಕ್ರೋಆಂಪ್ ಗುಣಿಸು 1 ಲಕ್ಷ 20 ಸಾವಿರ ಮೈಕ್ರೋಓಮ್ ಅಂದರೆ 10,800 ಕೋಟಿ. 32 ಬಿಟ್ ಇಂಟೀಜರ್‌ನಲ್ಲಿ ಹಿಡಿಸುವುದು 214 ಕೋಟಿ ಚಿಲ್ಲರೆ. ಉಕ್ಕಿ ಹೋಗಿ ಉಳಿದದ್ದನ್ನು ಭಾಗಿಸಿದರೆ ಬರುವುದು 625 ಮೈಕ್ರೋವೋಲ್ಟ್. ಅಂದರೆ 108 ಮಿಲಿವೋಲ್ಟ್ ಇರಬೇಕಾದಲ್ಲಿ 0.6. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. 64 ಬಿಟ್‌ಗೆ ಬದಲಿಸಿದೆ. ಆಗ ಭಾಗಾಕಾರದ ಫಂಕ್ಷನ್ ಸಿಗುತ್ತಿಲ್ಲ ಅಂತ ಬಿಲ್ಡ್ ನಿಂತಿತು. 32 ಬಿಟ್ ಆರ್ಮ್ ಕೆರ್ನಲ್‌ನಲ್ಲಿ 64 ಬಿಟ್ ಭಾಗಾಕಾರಕ್ಕೆ ಕೆರ್ನಲ್‌ನದೇ ಹೆಲ್ಪರ್ ಫಂಕ್ಷನ್ ಕರೆಯಬೇಕು. ಯೂಸರ್ ಪ್ರೋಗ್ರಾಂನಲ್ಲಾದರೆ ಇದೆಲ್ಲ ದಶಮಾಂಶ ಹಿಡಿಯುವ ಒಂದು ಡಬಲ್‌ನಲ್ಲಿ ಮುಗಿಯುತ್ತಿತ್ತು.

ಆಮೇಲೆ ಕೆರ್ನಲ್ ಡಾಕ್ಯುಮೆಂಟೇಶನ್ ತೆಗೆದು ಓದಿದೆ. ಮೊದಲೇ ಓದಬೇಕಿತ್ತು. ಚಿಪ್ ಪರ್ಸೆಂಟ್ ಕೊಡದಿದ್ದರೆ ಡ್ರೈವರ್ ಲೆಕ್ಕ ಹಾಕಬೇಕೇ ಅನ್ನುವ ಪ್ರಶ್ನೆ ಅಲ್ಲೇ ಇದೆ. ಬಹುಮಟ್ಟಿಗೆ ಬೇಡ ಅನ್ನುವುದು ಉತ್ತರ. ಹಾರ್ಡ್‌ವೇರ್ ನೇರವಾಗಿ ಅಳೆಯುವುದನ್ನು ಮಾತ್ರ ಡ್ರೈವರ್ ಕೊಡಲಿ, ಕಾಲ್ಮನ್ ಫಿಲ್ಟರ್‌ನಂಥ ದೊಡ್ಡ ಲೆಕ್ಕವನ್ನು ಹೊರಗಿನ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ, ಮಾಡಲಿ ಅನ್ನುತ್ತದೆ. ಆ ಡೀಮನ್‌ಗೆ ಹೆಸರನ್ನೂ ಇಟ್ಟು, ಇನ್ನೂ ಬರೆಯಬೇಕಿದೆ ಅಂತಲೂ ಹೇಳುತ್ತದೆ! ಅತ್ತ ವೋಲ್ಟೇಜ್ ಟೇಬಲ್‌ನಿಂದ ಪರ್ಸೆಂಟ್ ತೆಗೆಯುವ ಹೆಲ್ಪರ್ ಈಗ ಕೆರ್ನಲ್ ಒಳಗೇ ಇದೆ. ಹೇಳುವುದು ಒಂದು, ಮಾಡುವುದು ಇನ್ನೊಂದು. ಡ್ರೈವರ್ ಬರೆಯುವವರಿಗೆ ಇದು ಹೊಸದೇನಲ್ಲ.

ಲೆಕ್ಕವನ್ನೆಲ್ಲ ಹೊರಗೆ ಒಂದು ಡೀಮನ್‌ಗೆ ಎಳೆದೆ. ವಿಧಾನ ಹಾಲಿನ ಲೆಕ್ಕದ್ದೇ. ದಿನಾ ಎಷ್ಟು ಪ್ಯಾಕೆಟ್ ಬಂತು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ ಹಾಗೆ, ಪ್ರತಿ ಸೆಕೆಂಡ್ ಹೋದ ಕರೆಂಟನ್ನು ಕಳೆಯುತ್ತಾ ಹೋಗುವುದು. ಇದರಲ್ಲಿ ಎರಡು ತೊಂದರೆ. ಮೊದಲನೆಯದು, ಅಳತೆಯಲ್ಲಿ ಬರೀ 1 ಮಿಲಿಆಂಪ್ ತಪ್ಪಿದ್ದರೂ ದಿನಕ್ಕೆ 24 ಮಿಲಿಆಂಪ್ ಅವರ್, ಹತ್ತಿರ ಹತ್ತಿರ 1 ಪರ್ಸೆಂಟ್. ತಿಂಗಳು ಬಿಟ್ಟರೆ ಲೆಕ್ಕ ಎಲ್ಲೋ, ಬ್ಯಾಟರಿ ಎಲ್ಲೋ. ಎರಡನೆಯದು ಸಸ್ಪೆಂಡ್. ಮೆಷೀನ್ ಮಲಗಿದರೆ ಡೀಮನ್ನೂ ಮಲಗುತ್ತದೆ. ಮನೆಯವರು ಊರಿಗೆ ಹೋದಾಗ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವವರು ಯಾರು?

ಎರಡಕ್ಕೂ ಮದ್ದು ಸಿಕ್ಕಿದ್ದು ನಿದ್ದೆಯಲ್ಲೇ. ಸೆಲ್ ಅರ್ಧ ಗಂಟೆ ಆರಾಮಾಗಿದ್ದರೆ ವೋಲ್ಟೇಜ್ ನೆಲೆಗೆ ಬರುತ್ತದೆ, ಆಗ ಟೇಬಲ್ ನಂಬಬಹುದು. ಹಾಗಾಗಿ ಮೆಷೀನ್ ಏಳುವಾಗ, ಸ್ಕ್ರೀನ್ ಹತ್ತುವ ಮೊದಲು, ಡ್ರೈವರ್ ಒಂದು ವೋಲ್ಟೇಜ್ ಓದಿ ಇಟ್ಟುಕೊಳ್ಳುತ್ತದೆ. ಡೀಮನ್ ತಡವಾಗಿ ಎದ್ದು ಅದನ್ನು ಓದಿ ತನ್ನ ಲೆಕ್ಕವನ್ನು ಸ್ವಲ್ಪ ಸ್ವಲ್ಪವೇ ಆ ಕಡೆ ಸರಿಸುತ್ತದೆ. ಒಮ್ಮೆಲೇ ಸರಿಸಿದರೆ ಅಂಗಡಿಯವರು ಫೋನ್ ಮಾಡುತ್ತಾರೆ. ಚಾರ್ಜರ್ ಇಲ್ಲದಾಗ ಸಂಖ್ಯೆ ಮೇಲೆ ಹತ್ತಬಾರದು ಅಂತಲೂ ಕಟ್ಟು ಹಾಕಿದೆ.

ಹೊರಗೆ ತಂದದ್ದರಿಂದ ನನಗೆ ಜಾಸ್ತಿ ಲಾಭವಾದದ್ದು ಲಾಗ್ ವಿಷಯದಲ್ಲಿ. ಮೆಷೀನ್‌ನಿಂದ ಒಂದು ವಾರದ ವೋಲ್ಟೇಜ್, ಕರೆಂಟ್ ಫೈಲ್ ತಂದು ಅದೇ ಕೋಡ್‌ಗೆ ಲ್ಯಾಪ್‌ಟಾಪ್‌ನಲ್ಲಿ ತಿನ್ನಿಸಿದರೆ ಕೆಲವೇ ಸೆಕೆಂಡ್‌ನಲ್ಲಿ ವಾರ ಮುಗಿಯುತ್ತದೆ. ಡ್ರೈವರ್ ಒಳಗೆ ಇದ್ದಾಗ ಪ್ರತಿ ಬದಲಾವಣೆಗೂ ಬ್ಯಾಟರಿ ಖಾಲಿ ಆಗುವವರೆಗೆ ಕಾಯಬೇಕಿತ್ತು.

ಆದರೂ ಎಲ್ಲವನ್ನೂ ಹೊರಗೆ ಬಿಡಬಾರದು. ಒಂದು ಮೆಷೀನ್‌ನಲ್ಲಿ ಮೆಮೊರಿ ತುಂಬಿ ಕೆರ್ನಲ್ ನನ್ನ ಡೀಮನ್ನನ್ನೇ ಕೊಂದಿತ್ತು. ಸ್ಕ್ರೀನ್ ಮೇಲೆ 61 ಅಂತ ತೋರಿಸುತ್ತಾ ತೋರಿಸುತ್ತಾ ಮೆಷೀನ್ ಸತ್ತಿತು. ಆ ದಿನದ ಬಿಲ್‌ಗಳ ಫೈಲ್ ಅರ್ಧಕ್ಕೆ ನಿಂತಿತ್ತು. ಅಂದೇ ಡ್ರೈವರ್‌ಗೆ ಒಂದು ಸಣ್ಣ ಕಾವಲು ಸೇರಿಸಿದೆ. ವೋಲ್ಟೇಜ್ ಸತತ ಹತ್ತು ಸಲ 3.1ಕ್ಕಿಂತ ಕೆಳಗೆ ಬಂದರೆ, ಪರ್ಸೆಂಟ್ ಏನೇ ಇರಲಿ, ಯಾರನ್ನೂ ಕೇಳದೆ ಸರಿಯಾಗಿ ಶಟ್‌ಡೌನ್ ಮಾಡು. ಅದರಲ್ಲಿ ಊಹೆ ಇಲ್ಲ, ಬರೀ ಅಳತೆ.

ಮುಂದಿನ ಬೋರ್ಡ್‌ಗೆ ಕೊನೆಗೂ ಮ್ಯಾಕ್ಸ್17048 ಗೇಜ್ ಚಿಪ್ ಹಾಕಿದರು. ಮೆಷೀನ್ ಮಲಗಿದ್ದರೂ ಅದು ಎಚ್ಚರ ಇರುತ್ತದೆ. ಡ್ರೈವರ್ ರಿಜಿಸ್ಟರ್ ಓದಿ ಕೊಟ್ಟರೆ ಮುಗಿಯಿತು, ನನ್ನ ಡೀಮನ್‌ಗೆ ಅಲ್ಲಿ ಕೆಲಸವಿಲ್ಲ. ಹಳೇ ಬೋರ್ಡ್‌ಗಳಲ್ಲಿ ಮಾತ್ರ ಇನ್ನೂ ಓಡುತ್ತಿದೆ. ಹೋದ ಡಿಸೆಂಬರ್‌ನಲ್ಲಿ ಮಡಿಕೇರಿಯ ಒಂದು ಅಂಗಡಿಯಿಂದ ದೂರು ಬಂತು, ಬೆಳಗ್ಗೆ ಅಂಗಡಿ ತೆರೆದಾಗ ಬಿಲ್ ಹೊಡೆದರೆ ಮತ್ತೆ ಸಂಖ್ಯೆ ಕುಸಿಯುತ್ತದೆ ಅಂತ. ಚಳಿಗೆ ಸೆಲ್‌ನ ರೆಸಿಸ್ಟೆನ್ಸ್ ಏರುತ್ತದೆ. ಲೆಕ್ಕದಲ್ಲಿ ಕೂತಿರುವ 120 ಮಿಲಿಓಮನ್ನು ನಾನು ಅಳೆದದ್ದು ಬೆಂಗಳೂರಿನ ಮಧ್ಯಾಹ್ನ. ಈಗ ಎರಡು ಮೆಷೀನ್ ನಮ್ಮನೆ ಫ್ರಿಜ್‌ನಲ್ಲಿ, ಸೊಪ್ಪಿನ ಪಕ್ಕದಲ್ಲಿ ಕೂತಿವೆ.