ಕನಕಾಂಬರಕ್ಕೆ ನ್ಯೂಜೆರ್ಸಿಯ ಬಿಸಿಲು ರೂಢಿ ಮಾಡಿಸಿದ್ದು

ಮೊದಲನೇ ವರ್ಷ ಹನ್ನೊಂದು ಕನಕಾಂಬರದ ಸಸಿಗಳಲ್ಲಿ ಏಳನ್ನು ನಾನೇ ಕೈಯಾರೆ ಕೊಂದೆ. ಚಳಿಗೆ ಸತ್ತವು ಅಂತ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡಿದೆ. ನಿಜ ಹೇಳಬೇಕೆಂದರೆ ಚಳಿ ಬಂದಿದ್ದು ಕೊನೆಗೆ, ಅಷ್ಟರಲ್ಲಿ ಅರ್ಧ ಕೆಲಸ ಬಿಸಿಲೇ ಮುಗಿಸಿತ್ತು.

ನಾವಿರುವುದು ನ್ಯೂಜೆರ್ಸಿಯ ನಡುಭಾಗದಲ್ಲಿ. ಹಬ್ಬ ಬಂದರೆ ಇಲ್ಲಿನ ನಮ್ಮವರ ದಿನಸಿ ಅಂಗಡಿಯಲ್ಲಿ ಮಲ್ಲಿಗೆ ಸಿಗುತ್ತದೆ, ಫ್ರಿಜ್ಜಿನಲ್ಲಿಟ್ಟು ಅರ್ಧ ಕಂದಿದ್ದು. ಕನಕಾಂಬರ ಮಾತ್ರ ನನ್ನ ಕಣ್ಣಿಗೆ ಒಮ್ಮೆಯೂ ಬಿದ್ದಿಲ್ಲ. ಮಲ್ಲಿಗೆಯ ನಡುನಡುವೆ ನಾಲ್ಕು ಕನಕಾಂಬರ ಇಲ್ಲದ ಮಾಲೆ ಮೈಸೂರಿನವರ ಕಣ್ಣಿಗೆ ಬರೀ ಬಿಳಿ ದಾರ. ಹಾಗಾಗಿ ಎರಡು ಬೀದಿ ಆಚೆಯ ತೆಲುಗು ಗೆಳತಿ ಅವಳ ಕುಂಡದ ಗಿಡದಿಂದ ಒಣಗಿದ ತೆನೆ ಕಿತ್ತು ಲಕೋಟೆಯಲ್ಲಿ ಕೊಟ್ಟಾಗ ನಿಧಿ ಸಿಕ್ಕಿದಂತಾಯಿತು.

ಚಿಕ್ಕಂದಿನಲ್ಲಿ ಈ ಒಣಕಾಯಿಗಳನ್ನು ನೀರಿಗೆ ಹಾಕಿ ಪಟ್ ಪಟ್ ಅಂತ ಸಿಡಿಸುವುದು ನಮಗೆ ಆಟ. ಆ ಬುದ್ಧಿ ಹೋಗಿಲ್ಲ. ಅಡುಗೆಮನೆಯ ಸಿಂಕಿನಲ್ಲಿ ತೆನೆಗೆ ನೀರು ಚಿಮುಕಿಸಿದೆ. ಬೀಜ ಒಲೆಯ ಹಿಂದೆಲ್ಲ ಹಾರಿತು, ಒಂದು ಸಾರಿನ ಪಾತ್ರೆಯ ಮುಚ್ಚಳದ ಮೇಲೆ ಸಿಕ್ಕಿತು. ಈಗ ತೆನೆಯನ್ನು ಕಾಗದದ ಚೀಲದೊಳಗಿಟ್ಟೇ ಒದ್ದೆ ಮಾಡುತ್ತೇನೆ. ಒಂದು ಮಾತು: ‘ಡೆಲ್ಲಿ ಕನಕಾಂಬರ’ ಅನ್ನುವ ತಳಿ ಬೀಜ ಕಟ್ಟುವುದಿಲ್ಲ, ಅದನ್ನು ಕಡ್ಡಿಯಿಂದಲೇ ಮಾಡಬೇಕು.

ಫೆಬ್ರವರಿ ಮಧ್ಯದಲ್ಲಿ ಬಿತ್ತಿ ಟ್ರೇ ಕೆಳಗೆ ಬಿಸಿ ಮಾಡುವ ಮ್ಯಾಟ್ ಇಟ್ಟೆ. ಮೊದಲ ಮೊಳಕೆ ಬಂದಿದ್ದು 19ನೇ ದಿನ, ಕೊನೆಯದು ತಿಂಗಳೂ ದಾಟಿದ ಮೇಲೆ. ಮೇ ಹೊತ್ತಿಗೆ ಎಲ್‌ಇಡಿ ದೀಪದ ಕೆಳಗೆ ನಾಲ್ಕೈದು ಜೊತೆ ಎಲೆಯ ಸಸಿಗಳು, ಮಿರಮಿರ ಮಿಂಚುತ್ತಿದ್ದವು. ಆ ಮಿಂಚಿಗೇ ಮೋಸ ಹೋದೆ.

ಮೇ ತಿಂಗಳ ಎರಡನೇ ಭಾನುವಾರದ ಅಮ್ಮಂದಿರ ದಿನ ಕಳೆದರೆ ಹಿಮ ಬೀಳುವುದಿಲ್ಲ, ಗಿಡ ಹೊರಗಿಡಬಹುದು ಅಂತ ಇಲ್ಲಿ ಒಂದು ವಾಡಿಕೆಯ ಮಾತಿದೆ. ಆ ಶನಿವಾರ 27 ಡಿಗ್ರಿ, ಮೈಸೂರಿನ ಹವೆಯೇ. ಹತ್ತು ಗಂಟೆಗೆ ಟ್ರೇಯನ್ನು ಎತ್ತಿ ದಕ್ಷಿಣಕ್ಕೆ ಮುಖ ಮಾಡಿರುವ ಡೆಕ್ಕಿನ ಮೇಲಿಟ್ಟೆ. ನಾಲ್ಕು ಗಂಟೆಗೆ ನೋಡಿದರೆ ಎಲೆಗಳ ನರಗಳ ನಡುವೆ ಉಬ್ಬಿರುತ್ತದಲ್ಲ, ಆ ಜಾಗವೆಲ್ಲ ಬೆಳ್ಳಗಾಗಿದೆ, ಇಸ್ತ್ರಿಪೆಟ್ಟಿಗೆ ತಾಗಿದ ನೈಲಾನ್ ಸೀರೆಯ ಹಾಗೆ. ಮುಟ್ಟಿದರೆ ಚರಚರ ಕಾಗದ. ನೀರು ಸಾಲದೆ ಹೀಗಾಯಿತು ಅಂದುಕೊಂಡು ಇನ್ನಷ್ಟು ಸುರಿದೆ. ಮರುದಿನ ಗಾಳಿ. ನಾಲ್ಕನೇ ರಾತ್ರಿ 6 ಡಿಗ್ರಿಗೆ ಇಳಿಯಿತು. ಹಿಮ ಬೀಳಲಿಲ್ಲ, ವಾಡಿಕೆಯ ಮಾತು ಸುಳ್ಳಾಗಲಿಲ್ಲ, ಆದರೆ ಬೆಳಿಗ್ಗೆ ಏಳು ಸಸಿಗಳು ಬೇಯಿಸಿದ ಪಾಲಕ್ ಸೊಪ್ಪಿನಂತೆ ಜೋತುಬಿದ್ದಿದ್ದವು.

ಉಳಿದ ನಾಲ್ಕನ್ನು ಒಳಗೆ ತಂದು ದಿನಾ ದಿಟ್ಟಿಸಿದ್ದರಿಂದಲೇ ವಿಷಯ ತಲೆಗೆ ಹತ್ತಿದ್ದು. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ; ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮನೆಯೊಳಗೆ, ಕಿಟಕಿಯ ಹತ್ತಿರವಾಗಲಿ ದೀಪದ ಕೆಳಗಾಗಲಿ, ಅದರ ಒಂದು ಪಾಲಷ್ಟೇ ಸಿಗುತ್ತದೆ. ಸುಡುವ ನೇರಳಾತೀತ ಕಿರಣವನ್ನಂತೂ ಕಿಟಕಿಯ ಗಾಜು ಬಹುಪಾಲು ತಡೆದುಬಿಡುತ್ತದೆ. ಇಂಥ ಬೆಳಕಿನಲ್ಲಿ ಹುಟ್ಟಿದ ಎಲೆ ಅಗಲವಾಗಿ ತೆಳ್ಳಗೆ ಬೆಳೆದಿರುತ್ತದೆ. ಹೊರಗಿಟ್ಟರೆ ಸ್ವಲ್ಪ ಮಟ್ಟಿಗೆ ಹೊಂದಿಕೊಳ್ಳುತ್ತದೆ, ಪೂರ್ತಿ ಬಿಸಿಲಿನ ಎಲೆಯಾಗುವುದಿಲ್ಲ. ಬದುಕುಳಿದ ನಾಲ್ಕೂ ಸಸಿಗಳ ಸುಟ್ಟ ಎಲೆ ಕೊನೆಯವರೆಗೂ ಹಾಗೇ ಇತ್ತು. ಗಿಡವನ್ನು ಮೇಲೆತ್ತಿದ್ದು ಹೊರಗಿನ ಬೆಳಕಿನಲ್ಲೇ ಚಿಗುರಿದ ಎಲೆ: ಸಣ್ಣದು, ದಪ್ಪ, ಕಡು ಹಸಿರು. ಅಂದರೆ ನಾನು ಹಳೆಯ ಎಲೆಗೆ ಪಾಠ ಹೇಳಬೇಕಾಗಿಲ್ಲ. ಹೊಸ ಎಲೆ ಬರುವ ತನಕ ಅದನ್ನು ಸಾಯದಂತೆ ಕಾಯ್ದರೆ ಸಾಕು.

ಎರಡನೇ ವರ್ಷ ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ಸಸಿಗಳನ್ನು ತೋರಿಸಿ, ಈ ಸಲ ದಿನಾ ಟ್ರೇ ಒಳಗೆ ಹೊರಗೆ ಮಾಡುತ್ತೇನೆ ಅಂದೆ. “ಅದೇನ್ ಮಗಾ, ಬಾಣಂತಿ ಕೂಸಿನ ಥರ! ನಮ್ಮ ಹಿತ್ತಲಲ್ಲಿ ತಾನಾಗೇ ಹುಟ್ಕೊಂಡು ಹೂ ಬಿಡಲ್ವಾ?” ಅಂತ ನಕ್ಕಳು. ಆಮೇಲೆ ತಾನೇ ನೆನಪು ಮಾಡಿಕೊಂಡು, “ನಿಮ್ ತಾತ ಹೊಗೆಸೊಪ್ಪಿನ ಸಸಿ ಕೀಳೋಕೆ ಮುಂಚೆ ಮಡಿಗೆ ನೀರು ಕಮ್ಮಿ ಮಾಡ್ಬಿಡೋರು, ಸಸಿ ಗಡುಸಾಗಲಿ ಅಂತ” ಅಂದಳು. ಇಲ್ಲಿನವರು ಹಾರ್ಡನಿಂಗ್ ಆಫ್ ಅನ್ನುವುದು ಅದನ್ನೇ. ತಾತನ ಮಾತು ಹಿಡಿದು ಏಪ್ರಿಲ್ ಕೊನೆಯಿಂದಲೇ ನೀರು ಕಡಿಮೆ ಮಾಡಿದೆ. ಬಾಡುವಷ್ಟಲ್ಲ, ಕುಂಡ ಎತ್ತಿದರೆ ಹಗುರ ಅನ್ನಿಸಿದ ಮೇಲೆ ಒಂದು ಗುಟುಕು. ಗೊಬ್ಬರ ಪೂರ್ತಿ ನಿಲ್ಲಿಸಿದೆ. ಒಂದು ಪುಟ್ಟ ಟೇಬಲ್ ಫ್ಯಾನನ್ನು ದಿನಕ್ಕೆ ಎರಡು ಗಂಟೆ ಸಸಿಗಳ ಕಡೆ ತಿರುಗಿಸಿಟ್ಟೆ. ಕಾಂಡ ಬಲಿಯಲು ಇದಕ್ಕಿಂತ ಸುಲಭದ ಉಪಾಯ ನನಗೆ ಗೊತ್ತಿಲ್ಲ.

ಹೊರಗೆ ಕಾಲಿಟ್ಟಿದ್ದು ಮೇ 14ಕ್ಕೆ. ಬೇಕೆಂದೇ ಮೋಡ ಮುಸುಕಿದ ದಿನ ಆರಿಸಿಕೊಂಡೆ. ಮನೆಯ ಉತ್ತರದ ಗೋಡೆಯ ಬುಡದಲ್ಲಿ ಒಂದು ಗಂಟೆ, ಅಷ್ಟೇ. ಟ್ರೇ ಬಾಗುತ್ತದೆ ಅಂತ ಆ ವರ್ಷದ ಹದಿನಾಲ್ಕು ಕುಂಡಗಳನ್ನೂ ಬಟ್ಟೆ ಒಗೆಯಲು ಹಾಕುವ ಬುಟ್ಟಿಯಲ್ಲಿ ಜೋಡಿಸಿದ್ದೆ. ಬುಟ್ಟಿಯ ಗೋಡೆಯಲ್ಲಿ ತೂತಿರುವುದರಿಂದ ಗಾಳಿಯೂ ಸೋಸಿ ಬರುತ್ತದೆ. ಇದು ಯೋಚಿಸಿ ಮಾಡಿದ್ದಲ್ಲ, ಆಕಸ್ಮಿಕವಾಗಿ ಕೂಡಿಬಂದದ್ದು. ಎರಡು ಮೀಟಿಂಗುಗಳ ನಡುವೆ ಹೊರಗೆ, ಮತ್ತೆರಡರ ನಡುವೆ ಒಳಗೆ. ಮೊದಲ ವಾರ ನೆರಳಲ್ಲೇ ಇಟ್ಟು ಹೊತ್ತು ಹೆಚ್ಚಿಸಿದೆ. ಎರಡನೇ ವಾರ ಬೆಳಗಿನ ಎಳೆಬಿಸಿಲು, ಆಮೇಲೆ ಮೇಪಲ್ ಮರದ ಜಾಲರಿಯಂಥ ನೆರಳು. ರಾತ್ರಿ ಮಾತ್ರ ತಪ್ಪದೆ ಒಳಗೆ.

ನಡುವೆ ಒಂದು ದಿನ ಮುಗ್ಗರಿಸಿದೆ. ಬಿಸಿಲಿಲ್ಲ, 18 ಡಿಗ್ರಿ, ಏನೂ ಆಗುವುದಿಲ್ಲ ಅಂತ ಮೂರು ಗಂಟೆ ಮರೆತುಬಿಟ್ಟೆ. ಗಾಳಿ ಬೀಸಿ ಕುಂಡದ ಮಣ್ಣು ಬಿರಿದಿತ್ತು, ಅಂಚಿನ ಎರಡು ಸಸಿಗಳು ತಲೆ ಬಗ್ಗಿಸಿದ್ದವು. ಒಳಗೆ ತಂದು ಕುಂಡಗಳನ್ನು ನೀರಿನ ತಟ್ಟೆಯಲ್ಲಿ ಕೂರಿಸಿದ ಮೇಲೆ ಎದ್ದವು. ಚಳಿ, ಬಿಸಿಲು ಎರಡಕ್ಕೂ ಹೆದರುತ್ತೇವೆ, ಗಾಳಿಯನ್ನು ಲೆಕ್ಕಕ್ಕೇ ಇಡುವುದಿಲ್ಲ.

ಎಷ್ಟು ದಿನ ಮಾಡಬೇಕು ಅಂತ ಕೇಳುವವರಿಗೆ ನಾನು ದಿನದ ಲೆಕ್ಕ ಹೇಳುವುದಿಲ್ಲ. ತುದಿ ನೋಡಿ ಅನ್ನುತ್ತೇನೆ. ಹೊರಗೆ ಹುಟ್ಟಿದ ಒಂದು ಜೊತೆ ಎಲೆ ಪೂರ್ತಿ ಬಿಚ್ಚಿಕೊಂಡಿತೆಂದರೆ ಗಿಡ ನೆಲಕ್ಕೆ ತಯಾರು. ನನ್ನವಕ್ಕೆ ಹದಿನೇಳು ದಿನ ಹಿಡಿಯಿತು. ಇನ್ನೊಂದು ಷರತ್ತು ರಾತ್ರಿಯದು: ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ 55, ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 13 ಡಿಗ್ರಿ. ರಾತ್ರಿ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅಂತ ಹವಾಮಾನದವರು ಒಂದು ವಾರದ ಭರವಸೆ ಕೊಡಬೇಕು. ಮಣ್ಣಿನ ಬಿಸಿಯನ್ನು ಅಡುಗೆಮನೆಯ ಥರ್ಮಾಮೀಟರ್ ಚುಚ್ಚಿ ನೋಡಿದೆ, ಬೆಳಿಗ್ಗೆ ಎಂಟಕ್ಕೆ 18. ಸಾಕು.

ಜೂನ್ ಮೊದಲ ವಾರದ ಒಂದು ಸಂಜೆ ಆರು ಗಂಟೆಗೆ ನೆಟ್ಟೆ. ಸಂಜೆ ನೆಟ್ಟರೆ ಬಿಸಿಲು ಕಾಣುವ ಮುಂಚೆ ಬೇರಿಗೆ ಒಂದು ರಾತ್ರಿ ಸುಧಾರಿಸಿಕೊಳ್ಳಲು ಸಿಗುತ್ತದೆ. ನಮ್ಮ ಅಂಗಳದ್ದು ಜಿಗುಟು ಮಣ್ಣು, ಎಲೆಗೊಬ್ಬರ ಬೆರೆಸಿ ಏರುಮಡಿ ಮಾಡಿದ್ದೆ. ಹದಿನಾಲ್ಕರಲ್ಲಿ ಐದನ್ನು ನೆಲಕ್ಕೆ, ಒಂಬತ್ತನ್ನು ದೊಡ್ಡ ಕುಂಡಕ್ಕೆ ಹಾಕಿ ಆ ಕುಂಡಗಳನ್ನೇ ಕಂಠದವರೆಗೆ ಹೂತೆ. ಚಳಿಗಾಲಕ್ಕೆ ಮುಂಚೆ ಒಳಗೆ ತರುವಾಗ ಬೇರು ಕೀಳಬೇಕಾಗಿಲ್ಲ, ಕುಂಡ ಎತ್ತಿದರಾಯಿತು.

ಇದೇ ಬುಟ್ಟಿಯಲ್ಲಿ ಬೇರೆಯವೂ ಹೊರಗೆ ಹೋದವು. ಮಲ್ಲಿಗೆಯ ಕಡ್ಡಿಗಿಡಗಳು ಅಷ್ಟೇನೂ ರಗಳೆ ಮಾಡಲಿಲ್ಲ. (ನರ್ಸರಿಯಲ್ಲಿ ಅವಕ್ಕೆ ‘ಅರೇಬಿಯನ್ ಜಾಸ್ಮಿನ್’ ಅಂತ ಚೀಟಿ. ನಮ್ಮ ಮಲ್ಲಿಗೆಯನ್ನು ಹಾಗೆ ಕರೆದರೆ ನನಗೆ ಈಗಲೂ ಸಿಟ್ಟು.) ದಾಸವಾಳ ಹಳದಿಯಾಗಿ ಎಲೆ ಉದುರಿಸಿ ಹೆದರಿಸಿತು, ಎರಡೇ ವಾರದಲ್ಲಿ ಚಿಗುರಿತು. ಆ ಚಿಗುರನ್ನು ಜಿಂಕೆ ತಿಂದಿತು. ಜಿಂಕೆಗೆ ನನ್ನ ಹತ್ತಿರ ಉಪಾಯವಿಲ್ಲ, ಬಲೆ ಕಟ್ಟಿದ್ದೇನೆ.

ಜುಲೈ ಕೊನೆಗೆ ಕನಕಾಂಬರದ ಮೊದಲ ತೆನೆ ಬುಡದಿಂದ ಅರಳಲು ಶುರುವಾಯಿತು. ದಿನಕ್ಕೆ ಏಳೆಂಟು ಹೂ. ಒದ್ದೆ ಬಟ್ಟೆಯಲ್ಲಿಟ್ಟು ಮೂರು ದಿನದ್ದು ಕೂಡಿಸಿ ವರಮಹಾಲಕ್ಷ್ಮಿಯ ಹಿಂದಿನ ರಾತ್ರಿ ಬಿಳಿ ದಾರದಲ್ಲಿ ಕಟ್ಟಿದೆ, ಇಲ್ಲಿ ಬಾಳೆನಾರೆಲ್ಲಿ. ಫೋನಿನಲ್ಲಿ ಅಮ್ಮ ಕೇಳಿದಳು, “ಎಷ್ಟು ಮೊಳ ಆಯ್ತು ಮಗಾ?”

“ಒಂದು ಗೇಣು ಕಣಮ್ಮ.”

“ಕಳಸಕ್ಕೆ ಅಷ್ಟು ಸಾಕು ಬಿಡು. ನಿನಗೆ ಮುಡಿಯೋಕೆ ಅಂತ ಎರಡು ಹೂ ಎತ್ತಿಟ್ಕೊಂಡ್ಯಾ?”

ಎತ್ತಿಟ್ಟಿರಲಿಲ್ಲ. ಟಾರ್ಚು ಹಿಡಿದು ಅಂಗಳಕ್ಕೆ ಹೋದೆ.